ಹಾಲು ಸಾಲದು ಎಂಬ ಮಾತಿಗೆ ಮುನ್ನ

(ಕುರುಡುಮಲೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ತಮ್ಮ ತಾಯಿಯ ಹೆಸರಿನಲ್ಲಿ ಈ ದತ್ತಿಯನ್ನು ಇಟ್ಟಿರುವ ಮನೆಯವರು, ವಿಷಯ ಯಾವುದಾದರೂ ಆಗಲಿ, ಊರಿಗೆ ಉಪಯೋಗವಾಗಬೇಕು ಎಂದಷ್ಟೇ ಹೇಳಿದರು. ಮಕ್ಕಳ ವೈದ್ಯೆಯಾಗಿ ಕೋಲಾರ ಸೀಮೆಯಲ್ಲಿ ಕೆಲಸ ಮಾಡಿದ ನನಗೆ ಹೆಚ್ಚು ಯೋಚಿಸುವ ಅಗತ್ಯ ಬೀಳಲಿಲ್ಲ. ಎದೆಹಾಲಿನ ಬಗ್ಗೆ ಮಾತಾಡುತ್ತೇನೆ ಎಂದೆ. ಎದೆಹಾಲು ಒಳ್ಳೆಯದು ಎಂದು ಹೇಳಿ ಮುಗಿಸುವುದಕ್ಕೆ ನಾನು ಇಲ್ಲಿಯವರೆಗೆ ಬರಬೇಕಾಗಿರಲಿಲ್ಲ. ಅದು ಒಳ್ಳೆಯದೆಂದು ಈ ಊರಿನ ಪ್ರತಿ ಅಜ್ಜಿಗೂ ಗೊತ್ತು, ಅಂಗನವಾಡಿಯ ಗೋಡೆಯ ಮೇಲೆ ಬರೆದೂ ಇದೆ. ಹಾಗಿದ್ದೂ ಎಷ್ಟೋ ತಾಯಂದಿರು ಆರು ತಿಂಗಳು ತುಂಬುವ ಮೊದಲೇ ಬಾಟಲಿ ಹಿಡಿಯುತ್ತಾರೆ. ಬೇಡವೆಂದು ಬಿಟ್ಟವರು ನನಗೆ ಸಿಕ್ಕಿದ್ದು ತೀರಾ ಅಪರೂಪ. ಬೇಕೆಂದು ಹೊರಟು, ನಡುವೆ ಕೈಚೆಲ್ಲಿದವರೇ ಹೆಚ್ಚು. ಆರು ತಿಂಗಳು ನಡೆಸಿ ತೋರಿಸಿದ ತಾಯಿಗೂ, ಆರು ವಾರಕ್ಕೇ ಸೋತು ಅತ್ತ ತಾಯಿಗೂ ಇರುವ ವ್ಯತ್ಯಾಸ ಏನು? ಅವರ ಮೈಯಲ್ಲಿ ಆ ವ್ಯತ್ಯಾಸ ಬಹಳ ಸಲ ಕಾಣುವುದಿಲ್ಲ. ಅವರ ಸುತ್ತ ಯಾರಿದ್ದರು, ಯಾವ ಹೊತ್ತಿನಲ್ಲಿ ಇದ್ದರು, ಏನು ಹೇಳಿದರು ಎಂಬಲ್ಲಿ ಕಾಣುತ್ತದೆ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಕುರುಡುಮಲೆಗೆ ಜನ ಹೊಸದನ್ನು ಶುರು ಮಾಡುವಾಗ ಬರುತ್ತಾರೆ. ಸಾಲಿಗ್ರಾಮ ಶಿಲೆಯದೆಂದು ಹೇಳುವ, 13 ಅಡಿಗೂ ಮೀರಿದ ಏಕಶಿಲಾ ಗಣಪನಿಗೆ ಕೈಮುಗಿದು ರಾಜಕೀಯ ಪಕ್ಷಗಳು ಯಾತ್ರೆ ಹೊರಡಿಸುವುದನ್ನು ನೀವೆಲ್ಲ ಕಂಡಿದ್ದೀರಿ. ಆರಂಭಕ್ಕೆ ಇಷ್ಟು ಬೆಲೆ ಕೊಡುವ ಊರಿನಲ್ಲಿ, ಒಂದು ಜೀವದ ಮೊದಲ ಗಂಟೆ, ಮೊದಲ ವಾರದ ಬಗ್ಗೆ ಮಾತಾಡಲು ಸಂಕೋಚ ಬೇಡ ಅನ್ನಿಸುತ್ತದೆ.

ಮೊದಲು ಕೇವಲ ಎದೆಹಾಲು ಎಂದರೆ ಏನೆಂದು ಹೇಳಿಬಿಡುತ್ತೇನೆ. ಹುಟ್ಟಿದಂದಿನಿಂದ ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲು ಬಿಟ್ಟು ಬೇರೇನೂ ಇಲ್ಲ. ನೀರೂ ಇಲ್ಲ. ಸಕ್ಕರೆ ನೀರು, ಜೇನುತುಪ್ಪ, ಬಜೆ ತೇದದ್ದು, ಹರಳೆಣ್ಣೆ, ಗ್ರೈಪ್ ವಾಟರ್, ಹಸುವಿನ ಹಾಲು, ಡಬ್ಬಿ ಹಾಲು ಯಾವುದೂ ಇಲ್ಲ. ವೈದ್ಯರು ಬರೆದ ಔಷಧಿ, ವಿಟಮಿನ್ ಹನಿ, ಭೇದಿಯಾದರೆ ಓಆರ್‌ಎಸ್ ಮಾತ್ರ ಕೊಡಬಹುದು. ಮೊದಲು ನಾಲ್ಕರಿಂದ ಆರು ತಿಂಗಳು ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಪೂರ್ತಿ ಆರು ತಿಂಗಳು ಎಂದು ಖಚಿತಪಡಿಸಿತು. ಬೇಸಿಗೆಯಲ್ಲಿ ಬಾಯಾರುವುದಿಲ್ಲವೇ ಎಂದು ಕೇಳುತ್ತಾರೆ. ಎದೆಹಾಲಿನಲ್ಲಿ ನೂರಕ್ಕೆ 87 ಪಾಲಿಗಿಂತ ಹೆಚ್ಚು ನೀರೇ ಇದೆ. ಏಪ್ರಿಲ್ ಬಿಸಿಲಿಗೂ ಅದು ಸಾಕು. ಮಗು ಇನ್ನೆರಡು ಸಲ ಹೆಚ್ಚಾಗಿ ಕುಡಿಯುತ್ತದೆ, ಅಷ್ಟೇ.

ಈಗ ಕೆಲವು ಅಂಕಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, ಅಂದರೆ 2019–21ರದ್ದು, ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ ಎಂದು ತೋರಿಸಿತು. ಇದು ಸಣ್ಣ ಸಾಧನೆಯಲ್ಲ. ನನ್ನ ಹಿರಿಯ ಸಹೋದ್ಯೋಗಿಗಳು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಸಾಲು ನೋಡಿ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ನೂರಕ್ಕೆ ಸುಮಾರು 49. ಅದಕ್ಕೆ ಹಿಂದಿನ ಸುತ್ತಿನಲ್ಲಿ, 2015–16ರಲ್ಲಿ, ಇದು 56 ಇತ್ತು. ಹೆರಿಗೆ ಆಸ್ಪತ್ರೆಗೆ ಬಂತು, ಮೊದಲ ಗಂಟೆಯ ಹಾಲು ಹಿಂದೆ ಸರಿಯಿತು! ಇದೇ ಅವಧಿಯಲ್ಲಿ ರಾಜ್ಯದ ಸಿಸೇರಿಯನ್ ಹೆರಿಗೆಗಳು ನೂರಕ್ಕೆ 23ರ ಆಸುಪಾಸಿನಿಂದ 31ರ ಆಚೆಗೆ ಏರಿದವು. ಈ ಎರಡೂ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ಅನ್ನಿಸುವುದು: ತಾಯಿಯನ್ನು ಆಸ್ಪತ್ರೆಯ ಸೂರಿನ ಕೆಳಗೆ ತಂದೆವು, ಅವಳ ಪಕ್ಕ ಕೂರುವುದನ್ನು ಮರೆತೆವು. ಆರು ತಿಂಗಳೊಳಗಿನ ಮಕ್ಕಳಲ್ಲಿ ಕೇವಲ ಎದೆಹಾಲಿನ ಮೇಲೆ ಇದ್ದವರು ರಾಜ್ಯದಲ್ಲಿ ನೂರಕ್ಕೆ 61, ದೇಶದಲ್ಲಿ 64ರ ಹತ್ತಿರ. ಮೊದಲಿಗಿಂತ ಇದು ಏರಿದೆ, ಸಂತೋಷವೇ. ಆದರೂ ಹತ್ತರಲ್ಲಿ ನಾಲ್ಕು ಮಕ್ಕಳು ಹೊರಗೆ ಉಳಿದಿವೆ.

ಮೊದಲ ಗಂಟೆಯಲ್ಲಿ ಏನಾಗುತ್ತದೆ? ಹುಟ್ಟಿದ ಮಗುವನ್ನು ಒರೆಸಿ, ಬಟ್ಟೆ ಸುತ್ತದೆ ತಾಯಿಯ ಬರಿ ಎದೆಯ ಮೇಲೆ ಕವುಚಿ ಮಲಗಿಸಿ, ಮೇಲೊಂದು ಹೊದಿಕೆ ಹೊದಿಸಿದರೆ, ಅದು ತಾನಾಗಿ ತೆವಳಿ ಮೊಲೆ ತೊಟ್ಟನ್ನು ಹುಡುಕಿಕೊಳ್ಳುತ್ತದೆ. ಹುಟ್ಟಿದ ಮೊದಲ ಹೊತ್ತಿನಲ್ಲಿ ಮಗು ಎಚ್ಚರವಾಗಿರುತ್ತದೆ, ಚೀಪುವ ಆಸೆ ಜೋರಾಗಿರುತ್ತದೆ. ಆಮೇಲೆ ಗಾಢ ನಿದ್ದೆಗೆ ಜಾರುತ್ತದೆ. ಹೀಗೆ ಮೈಗೆ ಮೈ ತಾಗಿಸಿ ಮಲಗಿಸುವ ಬಗ್ಗೆ ಜಗತ್ತಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಕಾಕ್ರೇನ್ ಪರಿಶೀಲನೆಯೊಂದು ಬಂತು. ಒಂದರಿಂದ ನಾಲ್ಕು ತಿಂಗಳ ನಂತರವೂ ಹಾಲೂಡಿಸುತ್ತಿರುವ ಸಾಧ್ಯತೆ ಅಂಥ ತಾಯಂದಿರಲ್ಲಿ ಸುಮಾರು ಕಾಲು ಭಾಗ ಹೆಚ್ಚು ಎಂದು ಅದು ಹೇಳಿತು.

ಮೊದಲ ಹಾಲು ಹಳದಿ, ಅಂಟು, ಬಹಳ ಸ್ವಲ್ಪ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ಮನೆಗಳು ಈಗ ಕಡಿಮೆಯಾಗಿವೆ, ಪೂರ್ತಿ ಹೋಗಿಲ್ಲ. ಕೋಲಾರ ಹಾಲಿನ ಜಿಲ್ಲೆ. ಡೇರಿಗೆ ಹಾಲು ಹಾಕದ ಮನೆ ಈ ಸುತ್ತಿನಲ್ಲಿ ಎಷ್ಟಿವೆ? ಹಸು ಈದರೆ ನೀವು ರಾತ್ರಿ ಎರಡು ಗಂಟೆಯಾದರೂ ಎದ್ದು, ಕರುವಿನ ಬಾಯನ್ನು ಕೆಚ್ಚಲಿಗೆ ಹಚ್ಚಿ ಗಿಣ್ಣು ಹಾಲು ಕುಡಿಸಿಯೇ ಮಲಗುತ್ತೀರಿ. ಕುಡಿಸದಿದ್ದರೆ ಕರು ಏಳುವುದಿಲ್ಲ ಎಂದು ಗೊತ್ತು. ನಮ್ಮ ಕೂಸಿಗೂ ಅದೇ ನ್ಯಾಯ. ಮೊದಲ ದಿನ ಒಂದು ಸಲಕ್ಕೆ ಅದಕ್ಕೆ ಬೇಕಾದದ್ದು ಒಂದು ಚಿಕ್ಕ ಚಮಚೆಯಷ್ಟು. ಆ ಚಮಚೆಯಲ್ಲಿ ರೋಗ ತಡೆಯುವ ಶಕ್ತಿ ಗಟ್ಟಿಯಾಗಿ ಕೂಡಿರುತ್ತದೆ.

ಸಿಸೇರಿಯನ್ ಆದ ತಾಯಿಗೆ ಹಾಲು ಬರುವುದಿಲ್ಲ ಎಂಬ ಮಾತು ವಾರ್ಡಿನಿಂದ ವಾರ್ಡಿಗೆ ಹರಡುತ್ತದೆ. ಬರುತ್ತದೆ, ತುಸು ತಡವಾಗಬಹುದು. ಬೆನ್ನಿಗೆ ಚುಚ್ಚಿ ಮಾಡುವ ಆಪರೇಷನ್ನಿನಲ್ಲಿ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಮಗು ಚೆನ್ನಾಗಿದ್ದರೆ ಆಪರೇಷನ್ ಮೇಜಿನ ಮೇಲೆಯೇ ಅವಳ ಎದೆಗೆ ತಾಗಿಸಬಹುದು. ತೊಡಕು ಇರುವುದು ಅವಳ ಕೈಗೆ ಸಲೈನ್ ಸೂಜಿ, ಹೊಟ್ಟೆಗೆ ಹೊಲಿಗೆ ಇರುವುದರಲ್ಲಿ. ಮಗುವನ್ನು ಎತ್ತಿ ಹಿಡಿಯಲು ಇನ್ನೊಬ್ಬರು ಬೇಕು. ಅಲ್ಲೇ ನಾವು ಸೋಲುವುದು. ನಾನು ಹೆಸರು ಹೇಳದ ಒಂದು ಆಸ್ಪತ್ರೆಯ ಹೊರಾಂಗಣದಲ್ಲಿ ಈ ದೃಶ್ಯವನ್ನು ಮತ್ತೆ ಮತ್ತೆ ನೋಡಿದ್ದೇನೆ. ಟವಲಿನಲ್ಲಿ ಸುತ್ತಿದ ಕೂಸು ಅತ್ತೆಯ ಕೈಯಲ್ಲಿ, ತಾಯಿ ಒಳಗೆ ಇನ್ನೊಂದು ಕೋಣೆಯಲ್ಲಿ. ಕೂಸು ಅಳುತ್ತದೆ. ಎದುರಿನ ಮೆಡಿಕಲ್ ಸ್ಟೋರಿಗೆ ಒಬ್ಬರು ಓಡುತ್ತಾರೆ, ಡಬ್ಬಿಯೂ ಬಾಟಲಿಯೂ ಬರುತ್ತವೆ. ಯಾರ ಮನಸ್ಸಿನಲ್ಲೂ ಕೇಡಿಲ್ಲ, ಎಲ್ಲರಿಗೂ ಮಗು ಬದುಕಬೇಕು. ಆದರೆ ಆ ಸಂಜೆ ತುಂಬಿದ ಹೊಟ್ಟೆಯ ಕೂಸು ತಾಯಿಯ ಎದೆಯನ್ನು ಹುಡುಕುವುದಿಲ್ಲ. ಸಿಸೇರಿಯನ್ ಆದ ಪ್ರತಿ ತಾಯಿಯ ಪಕ್ಕ ಮೊದಲ ಎರಡು ದಿನ ಮಗುವನ್ನು ಎದೆಗೆ ಹಿಡಿಸುವುದಕ್ಕೆಂದೇ ಒಬ್ಬಳು ನರ್ಸಮ್ಮ ಇರಬೇಕು. ಅಷ್ಟು ನರ್ಸುಗಳಿಲ್ಲ ಎನ್ನುವುದಾದರೆ, ಕಾವಲಿಗೆ ಬಂದ ತಾಯಿಗೋ ಅಕ್ಕನಿಗೋ ಹೆರಿಗೆಗೆ ಮೊದಲೇ ಹೇಗೆ ಹಿಡಿಯಬೇಕೆಂದು ಕಲಿಸಬೇಕು. ಇದಕ್ಕೆ ಹೊಸ ಕಟ್ಟಡ ಬೇಡ.

ಇನ್ನು ಎರಡನೇ ಘಟ್ಟ. ನನ್ನ ಪ್ರಕಾರ ಎಲ್ಲವೂ ನಿಲ್ಲುವುದು ಅಥವಾ ಬೀಳುವುದು ಇಲ್ಲಿ: ಮನೆಗೆ ಬಂದ ಮೂರನೇ ದಿನದಿಂದ ಆರನೇ ವಾರದವರೆಗೆ.

“ಹಾಲೇ ಸಾಲ್ತಾ ಇಲ್ಲ ಡಾಕ್ಟ್ರೇ, ರಾತ್ರಿಯೆಲ್ಲ ಅಳ್ತದೆ.” ಮುಳಬಾಗಿಲು ಕಡೆಯ ಮನೆಗಳಲ್ಲಿ ಇದನ್ನೇ ತೆಲುಗಿನಲ್ಲಿ ಹೇಳುತ್ತಾರೆ, ಪಾಲು ಚಾಲಡಂ ಲೇದು ಎಂದು. ಈ ಮಾತನ್ನು ಮೊದಲು ಆಡುವವಳು ತಾಯಿಯಲ್ಲ. ಮಗುವನ್ನು ನೋಡಲು ಬಂದವರು ಯಾರೋ ಕೇಳುತ್ತಾರೆ, “ಹಾಲು ಸಾಕಾಗ್ತದಾ ಕಣಮ್ಮ?” ಅವಳ ಎದೆಯೊಳಗೆ ಎಷ್ಟಿದೆಯೆಂದು ಅಳೆಯಲು ಅವಳಿಗೆ ಲೋಟದ ಗುರುತಿಲ್ಲ. ಅನುಮಾನ ಹೊಕ್ಕಿತು. ರಾತ್ರಿ ಮಗು ಅತ್ತಾಗ ಅನುಮಾನ ನಿಜವಾಯಿತು. ಬೆಳಿಗ್ಗೆ ಬಾಟಲಿ.

ಹಾಲು ಹೇಗೆ ಉತ್ಪತ್ತಿಯಾಗುತ್ತದೆ ಎಂದು ಗೊತ್ತಿದ್ದರೆ ಈ ಭಯದ ಅರ್ಧ ಅಲ್ಲೇ ಕರಗುತ್ತದೆ. ಮಗು ಚೀಪಿದಾಗ ತಾಯಿಯ ಮೆದುಳಿನ ಕೆಳಗಿನ ಗ್ರಂಥಿಯಿಂದ ಎರಡು ಹಾರ್ಮೋನು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲು ಮಾಡುತ್ತದೆ, ಆಕ್ಸಿಟೋಸಿನ್ ಅದನ್ನು ಇಳಿಸುತ್ತದೆ. ಎಷ್ಟು ಸಲ ಚೀಪುತ್ತದೋ, ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಹಾಲು ಹೆಚ್ಚುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚಾಗಿ ಸುರಿಯುವುದರಿಂದ ರಾತ್ರಿ ಊಡಿಸುವುದನ್ನು ಬಿಡಬಾರದು. ಆಕ್ಸಿಟೋಸಿನ್ ಬಹಳ ಸೂಕ್ಷ್ಮ. ನೋವು, ಅವಮಾನ, ಚಿಂತೆ ಅದನ್ನು ತಡೆಯುತ್ತವೆ. ಹೆಣ್ಣು ಹುಟ್ಟಿತೆಂದು ಮುಖ ಗಂಟಿಕ್ಕಿದ ಮನೆಯಲ್ಲಿ ಹಾಲು ಇಳಿಯದೆ ಹೋದರೆ ಅದು ಆ ತಾಯಿಯ ಎದೆಯ ದೋಷವೇ? ಒಂದು ಬಾಟಲಿ ಕೊಟ್ಟರೆ ಒಂದು ಸಲ ಚೀಪುವುದು ತಪ್ಪಿತು. ಚೀಪುವುದು ತಪ್ಪಿದರೆ ಅಷ್ಟು ಹಾಲು ಕಡಿಮೆಯಾಯಿತು. ಮಾರನೇ ದಿನ ಎರಡು ಬಾಟಲಿ. ಸಾಲದು ಎಂಬ ಮಾತು ಹೀಗೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ.

ಮಗು ಅಳುವುದಕ್ಕೆ ಹಸಿವು ಒಂದೇ ಕಾರಣವಲ್ಲ. ಸೆಕೆ, ಒದ್ದೆ, ಎತ್ತಿಕೊಳ್ಳಬೇಕೆಂಬ ಆಸೆ ಎಲ್ಲಕ್ಕೂ ಅದಕ್ಕಿರುವುದು ಒಂದೇ ಭಾಷೆ. ಸಂಜೆಯ ಹೊತ್ತು ಗಂಟೆಗೆರಡು ಸಲ ಕುಡಿಯಲು ಹಟ ಮಾಡುವುದು ಬೆಳೆಯುವ ಕೂಸಿನ ಸಹಜ ಅಭ್ಯಾಸ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದೂ ಸಹಜ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ ಬರಬೇಕು. ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಎದೆಯನ್ನು ನೋಡಬೇಡಿ, ಬಟ್ಟೆ ನೋಡಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕೆ ಕಡಿಮೆಯಿಲ್ಲದೆ ತಿಳಿಯಾದ ಉಚ್ಚೆ ಹೊಯ್ಯುತ್ತಿದ್ದರೆ, ತಕ್ಕಡಿಯಲ್ಲಿ ತೂಕ ಏರುತ್ತಿದ್ದರೆ ಹಾಲು ಸಾಕು. ಹಾಗಿಲ್ಲದಿದ್ದರೆ, ಮಗು ಮಂಕಾಗಿ ಕುಡಿಯುವುದನ್ನೇ ಬಿಟ್ಟಿದ್ದರೆ ಕಾಯದೆ ಆಸ್ಪತ್ರೆಗೆ ಕರೆತನ್ನಿ.

ನೋವಿನ ಮಾತೂ ಬೇಕು, ಯಾಕೆಂದರೆ ನೋವಿನಿಂದಲೇ ಬಿಟ್ಟವರು ಬಹಳ. ಮೂರು–ನಾಲ್ಕನೇ ದಿನ ಎದೆ ಕಲ್ಲಿನಂತಾಗಿ ಜ್ವರ ಬಂದ ಹಾಗಾಗುತ್ತದೆ. ಆಗ ಊಡಿಸುವುದನ್ನು ನಿಲ್ಲಿಸುವುದು ತಪ್ಪು. ಬಿಸಿ ಬಟ್ಟೆ ಕಾವು ಕೊಟ್ಟು, ತುಸು ಕೈಯಲ್ಲಿ ಹಿಂಡಿ ತೊಟ್ಟಿನ ಸುತ್ತ ಮೆತ್ತಗೆ ಮಾಡಿ ಮಗುವಿಗೆ ಹಿಡಿಸಬೇಕು. ತೊಟ್ಟು ಒಡೆದು ರಕ್ತ ಬರುವುದು ಬಹುಪಾಲು ಹಿಡಿತ ತಪ್ಪಿರುವುದರಿಂದ. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗ ಬಹುಪಾಲು ಮಗುವಿನ ಬಾಯೊಳಗಿರಬೇಕು. ಗಲ್ಲ ಎದೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಿಸಿರಬೇಕು. ಇದನ್ನು ಪೋಸ್ಟರು ಕಲಿಸಲಾರದು. ಪಕ್ಕದಲ್ಲಿ ಕುಳಿತು, ಕೈಹಿಡಿದು, ಒಂದು ಸಲ ಸರಿ ಮಾಡಿ ತೋರಿಸಬೇಕು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಆರು ತಿಂಗಳು ನಿಂತಿದೆ.

ಆ ಹತ್ತು ನಿಮಿಷಕ್ಕೆ ಸರ್ಕಾರ ಒಬ್ಬಳನ್ನು ಗೊತ್ತುಮಾಡಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ತಾಯಿ–ಮಗುವನ್ನು ನೋಡಬೇಕು. ದಿನಗಳನ್ನು ಗಮನಿಸಿ: ತಾಯಿ ಕೈಚೆಲ್ಲುವ ದಿನಗಳು ಯಾವುವೋ ಅವೇ ಇವು. ಈ ಲೆಕ್ಕ ಹಾಕಿದವರಿಗೆ ಮನೆಗಳ ಒಳಗು ಗೊತ್ತಿತ್ತು. ಆದರೆ ನಮ್ಮ ಸೀಮೆಯ ಒಂದು ವಿಷಯ ಅವರ ಲೆಕ್ಕಕ್ಕೆ ಸಿಗಲಿಲ್ಲ ಅನ್ನಿಸುತ್ತದೆ. ಹುಡುಗಿಯ ಹೆಸರು, ತಾಯಿ ಕಾರ್ಡು ಗಂಡನ ಊರಿನಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಿ. ಗಂಡನ ಊರು ಮಾಲೂರು ಕಡೆಯದಾದರೆ ತವರು ಶ್ರೀನಿವಾಸಪುರದ ಹತ್ತಿರ; ಎಷ್ಟೋ ಸಲ ಗಡಿಯಾಚೆ, ಪಲಮನೇರು, ಪುಂಗನೂರು, ಕುಪ್ಪಂ, ಹೊಸೂರು. ಏಳನೇ ತಿಂಗಳಿಗೋ ಒಂಬತ್ತನೆಯದಕ್ಕೋ ಅವಳು ಬಸ್ಸು ಹತ್ತಿದಳೆಂದರೆ ಈ ಊರಿನ ಆಶಾಗೆ ಅವಳು ಹೋದವಳು, ಆ ಊರಿನ ಆಶಾಗೆ ಅವಳು ಲೆಕ್ಕಕ್ಕಿಲ್ಲದವಳು. ಮೂರನೇ ತಿಂಗಳಿಗೋ ಐದನೆಯದಕ್ಕೋ ತೊಟ್ಟಿಲಿನ ಸಮೇತ ಹಿಂದಿರುಗುವಾಗ ಕೈಯಲ್ಲಿ ಬಾಟಲಿ ಇರುತ್ತದೆ. ಅತಿ ಹೆಚ್ಚು ಒತ್ತಾಸೆ ಬೇಕಾದ ಆರು ವಾರ ಎರಡು ರಿಜಿಸ್ಟರುಗಳ ನಡುವಿನ ಸಂದಿಯಲ್ಲಿ ಕಳೆದುಹೋಗಿರುತ್ತದೆ. ತವರಿಗೆ ಕಳಿಸುವ ಪದ್ಧತಿಯನ್ನು ನಾನು ದೂರುತ್ತಿಲ್ಲ; ಅದು ನಮ್ಮ ಹೆಣ್ಣುಮಕ್ಕಳಿಗೆ ಸಿಕ್ಕ ದೊಡ್ಡ ವರ. ರಿಜಿಸ್ಟರು ಅವಳ ಹಿಂದೆ ಹೋಗಬೇಕು ಎನ್ನುತ್ತಿದ್ದೇನೆ.

ಮನೆಗೆ ಬಂದು ಕುಳಿತು ಹೇಳಿಕೊಡುವುದರಿಂದ ಎಷ್ಟು ಫಲವಿದೆ? ಢಾಕಾ ನಗರದ ಪ್ರಯೋಗವೊಂದು 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಹೋದವರು ಡಾಕ್ಟರುಗಳಲ್ಲ, ಅದೇ ಬೀದಿಯ ತಾಯಂದಿರು. ಹತ್ತು ದಿನದ ತರಬೇತಿ ಪಡೆದು, ಗರ್ಭಿಣಿಯಾಗಿದ್ದಾಗಿನಿಂದ ಐದನೇ ತಿಂಗಳವರೆಗೆ ಮನೆಗೆ ಹೋಗಿ ಮಾತಾಡಿದರು. ಐದು ತಿಂಗಳಿಗೆ ಅಂಥ ಮನೆಗಳಲ್ಲಿ ನೂರಕ್ಕೆ 70 ಮಕ್ಕಳು ಕೇವಲ ಎದೆಹಾಲಿನ ಮೇಲಿದ್ದವು; ಯಾರೂ ಹೋಗದ ಮನೆಗಳಲ್ಲಿ 6. ನಮ್ಮ ದೇಶದ ಹರಿಯಾಣದಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಸೂಲಗಿತ್ತಿಯರು, ದಾದಿಯರ ಮೂಲಕ ನಡೆದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಮೂರು ತಿಂಗಳಿಗೆ ಅಲ್ಲಿ 79, ಇಲ್ಲದೆಡೆ 48. ಭೇದಿಯೂ ಕಡಿಮೆಯಾಗಿತ್ತು. ಬೆಲರೂಸ್ ದೇಶದಲ್ಲಿ ಆಸ್ಪತ್ರೆಗಳನ್ನೇ ಬದಲಾಯಿಸಿ, ಹದಿನೇಳು ಸಾವಿರ ತಾಯಿ–ಮಕ್ಕಳನ್ನು ಹಿಂಬಾಲಿಸಿದ ಪ್ರಯೋಗದಲ್ಲೂ ಮೂರು ತಿಂಗಳಿಗೆ 43ಕ್ಕೆ ಎದುರಾಗಿ 6 ಬಂತು. ಈ ಮೂರೂ ದೇಶದ ತಾಯಂದಿರ ಮೈ ಒಂದೇ. ಬದಲಾದದ್ದು ಅವರ ಪಕ್ಕ ಕುಳಿತವರು.

ಹಾಗಾದರೆ ಬಾಣಂತಿಯ ಪಕ್ಕ ಹಗಲೂ ರಾತ್ರಿ ಇರುವವರು ಯಾರು? ಆಶಾ ಬಂದು ಹೋಗುತ್ತಾಳೆ, ಇರುವವಳು ಅಜ್ಜಿ. ಮನೆಯೊಳಗೆ ಅವಳ ಮಾತಿಗೆ ಇರುವ ತೂಕ ನನ್ನ ಮಾತಿಗಿಲ್ಲ, ಇರಬೇಕಾಗಿಯೂ ಇಲ್ಲ. ಆರೋಗ್ಯ ಇಲಾಖೆಯ ಎಲ್ಲ ಸಲಹೆ ತಾಯಿಯನ್ನು ಉದ್ದೇಶಿಸಿಯೇ ಇರುತ್ತದೆ. ಇಪ್ಪತ್ತೆರಡು ವರ್ಷದ ಹುಡುಗಿಗೆ ಆಸ್ಪತ್ರೆಯಲ್ಲಿ ಪಾಠ ಹೇಳಿ, ಮನೆಗೆ ಕಳಿಸಿ, ಹಿರಿಯರನ್ನು ಎದುರು ಹಾಕಿಕೊಳ್ಳೆಂದು ಬಿಟ್ಟರೆ ಅವಳು ಏನು ಮಾಡಿಯಾಳು? ಅಜ್ಜಿಯನ್ನೇ ಕೂರಿಸಿಕೊಂಡು ಮಾತಾಡಬೇಕು, ಗೌರವದಿಂದ ಮಾತಾಡಬೇಕು. ಅವಳ ಬಾಣಂತನದಲ್ಲಿ ಎಷ್ಟೊಂದು ಸರಿಯಿದೆ! ನಲವತ್ತು ದಿನ ಕೆಲಸಕ್ಕೆ ಹಚ್ಚದೆ ಬೆಚ್ಚಗೆ ಕೂರಿಸುವುದು, ತಾಯಿ–ಮಗು ಒಂದೇ ಹಾಸಿಗೆಯಲ್ಲಿರುವುದು, ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ತುಪ್ಪ. ಸಬ್ಬಸಿಗೆಯಿಂದಲೇ ಹಾಲು ಹೆಚ್ಚುತ್ತದೆಂದು ನಾನು ಹೇಳಲಾರೆ. ಆದರೆ ತನಗಾಗಿ ಒಬ್ಬರು ಬಿಸಿಯಾಗಿ ಅಡುಗೆ ಮಾಡಿ ಬಡಿಸುತ್ತಿದ್ದಾರೆಂಬ ನೆಮ್ಮದಿಯಿಂದ ಹಾಲು ಇಳಿಯುವುದು ಸುಲಭವಾಗುತ್ತದೆ. ಬಿಡಬೇಕಾದವು ಕೆಲವೇ. ಬಾಣಂತಿಗೆ ನೀರು ಕಡಿಮೆ ಕೊಡುವುದು ಬೇಡ. ಅವಳಿಗೆ ಬಾಯಾರಿಕೆ ಹೆಚ್ಚು, ಕೇಳಿದಷ್ಟು ಕೊಡಿ. ಸೊಪ್ಪು, ಕಾಳು, ಮೊಟ್ಟೆ ಶೀತವೆಂದು ತಪ್ಪಿಸಬೇಡಿ. ಕೂಸಿನ ನಾಲಿಗೆಗೆ ಜೇನು ಮುಟ್ಟಿಸಬೇಡಿ. ವರ್ಷದೊಳಗಿನ ಮಗುವಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ಪ್ರಾಣಕ್ಕೇ ಸಂಚಕಾರವಾಗುವ ಕಾಯಿಲೆ ಬರಬಹುದು. ಬಜೆಯನ್ನು ಬೇಕಾದರೆ ಕೈಗೆ ಕಟ್ಟಿ, ಬಾಯಿಗೆ ಬೇಡ.

ಗಂಡಸರು ಈ ಮಾತು ತಮಗಲ್ಲವೆಂದು ಹೊರಗೆ ನೋಡುತ್ತಿರುವುದು ನನಗೆ ಇಲ್ಲಿಂದ ಕಾಣುತ್ತಿದೆ. ಇಟಲಿಯ ನೇಪಲ್ಸ್‌ನಲ್ಲಿ ವೈದ್ಯರು ಒಂದು ಗುಂಪಿನ ಗಂಡಂದಿರನ್ನು ಕರೆದು, ಹಾಲೂಡಿಸುವಾಗ ಬರುವ ತೊಂದರೆ ಯಾವುವು, ಆಗ ಏನು ಮಾಡಬೇಕು ಎಂದು ಹೇಳಿಕೊಟ್ಟರು. ಇನ್ನೊಂದು ಗುಂಪಿಗೆ ಹೇಳಲಿಲ್ಲ. ಹೆಂಡತಿಯರಿಗೆ ಎರಡೂ ಕಡೆ ಒಂದೇ ಸಲಹೆ ಸಿಕ್ಕಿತ್ತು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಗಂಡನಿಗೆ ಹೇಳಿದ ಮನೆಗಳಲ್ಲಿ ಆರು ತಿಂಗಳಿಗೆ ನೂರಕ್ಕೆ 25 ತಾಯಂದಿರು ಪೂರ್ಣ ಎದೆಹಾಲು ಕೊಡುತ್ತಿದ್ದರು, ಹೇಳದ ಮನೆಗಳಲ್ಲಿ 15. ಹಾಲು ಸಾಲದು ಎಂದು ದೂರಿದವರು ಒಂದೆಡೆ 9ರ ಹತ್ತಿರ, ಇನ್ನೊಂದೆಡೆ 27. ಹಾಲು ಗಂಡನಿಂದ ಬರುವುದಿಲ್ಲ, ಧೈರ್ಯ ಬರುತ್ತದೆ.

ಈಗ ಕೆಲಸದ ಮಾತು. ಬಾಣಂತನದ ನೆಮ್ಮದಿ ಎಲ್ಲರಿಗೂ ಸಿಗುವುದಿಲ್ಲ. ಟೊಮೆಟೊ ಕೀಳುವ ಕೂಲಿಗೆ ಹೋಗುವವಳು, ರೇಷ್ಮೆ ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕಾದವಳು, ಬೆಳಗಿನ ಕಂಪನಿ ಬಸ್ಸಿಗೆ ನರಸಾಪುರಕ್ಕೋ ವೇಮಗಲ್ಲಿಗೋ ಮಾಲೂರಿಗೋ ಹೋಗುವವಳು, ಇವರಿಗೆ ಆರು ತಿಂಗಳು ಬಹಳ ಉದ್ದ.

ಕಂಪನಿಗೆ ಹೋಗುವವರು ಕಾನೂನು ತಿಳಿದಿರಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು, ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 26 ವಾರ ಆಯಿತು. 26 ವಾರವೆಂದರೆ 182 ದಿನ, ಅಂದರೆ ಆರು ತಿಂಗಳ ಎದೆಹಾಲಿಗೆ ಸರಿಹೊಂದುವ ಲೆಕ್ಕ. ಆದರೆ ಹೆರಿಗೆಗೆ ಮುಂಚೆಯೇ ಎಂಟು ವಾರ ರಜೆ ಹಾಕಿದರೆ ಆಮೇಲೆ ಉಳಿಯುವುದು 18 ವಾರ ಮಾತ್ರ. ಮೈ ಒಗ್ಗುವುದಾದರೆ, ಡಾಕ್ಟರು ಒಪ್ಪಿದರೆ, ರಜೆಯ ಹೆಚ್ಚು ಪಾಲನ್ನು ಹೆರಿಗೆಯ ನಂತರಕ್ಕೆ ಉಳಿಸಿಕೊಳ್ಳಿ. ಕೆಲಸಕ್ಕೆ ಮರಳಿದ ಮೇಲೂ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕೆಂದು ಹಳೆಯ ಕಾಯ್ದೆಯಲ್ಲೇ ಇತ್ತು. 50 ಜನರಿಗಿಂತ ಕಡಿಮೆಯಿಲ್ಲದ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ತಿದ್ದುಪಡಿ ಸೇರಿಸಿತು. ಬೇಕೆಂದು ಕೇಳದೆ ಇವು ಸಿಗುವುದಿಲ್ಲ.

ಮಗು ದೂರವಿದ್ದರೆ ಹಾಲು ಹಿಂಡಿ ಇಟ್ಟು ಹೋಗಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕೈ ತೊಳೆದು, ಶುಚಿಯಾದ ಸ್ಟೀಲ್ ಬಟ್ಟಲಿಗೆ ಹಿಂಡಿ ಮುಚ್ಚಿಟ್ಟರೆ ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಕೆಡದೆ ಇರುತ್ತದೆ. ಅದನ್ನು ಬಾಟಲಿಯಲ್ಲಿ ಕೊಡಬೇಡಿ. ನಮ್ಮ ಮನೆಗಳ ಅಟ್ಟದ ಮೇಲೆ ಒಳಲೆ ಇದೆ. ಅದನ್ನು ಇಳಿಸಿ, ಕುದಿಸಿ, ಅದರಲ್ಲಿ ಕುಡಿಸಿ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಆಸ್ಪತ್ರೆಗಳಲ್ಲಿ ಇವತ್ತಿಗೂ ಹಾಲು ಕೊಡುವುದು ಅದೇ ಆಕಾರದ ಪಾತ್ರೆಯಲ್ಲಿ.

ಕೂಲಿಯವಳಿಗೆ ರಜೆಯ ಕಾನೂನು ತಲುಪುವುದಿಲ್ಲ. ಅವಳು ಮಗುವನ್ನು ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಾಳೆ. ಅಳು ಕೇಳಿದಾಗ ಬಂದು ಊಡಿಸುತ್ತಾಳೆ. ಎದೆಹಾಲಿನ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಟೊಮೆಟೊ ತೋಟಕ್ಕೆ ಔಷಧಿ ಹೊಡೆಯುವ ದಿನ ಜೋಲಿ ಅಲ್ಲಿರಬಾರದು. ತೋಟದ ಯಜಮಾನರು ಆ ದಿನ ಅವಳನ್ನು ದೂರದ ಕೆಲಸಕ್ಕೆ ಹಾಕಿ, ಮಧ್ಯೆ ಹಾಲೂಡಿಸಲು ಎದ್ದು ಹೋದರೆ ಕೂಲಿ ಹಿಡಿಯಬೇಡಿ. ಉದ್ಯೋಗ ಖಾತರಿ ಕೆಲಸಗಾರರ ಮಕ್ಕಳಿಗೆಂದು ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆ ಯೋಜನೆಯನ್ನು ಸಾರಿತು. ಅದು ಕೆಲಸದ ಜಾಗಕ್ಕೆ ಎಷ್ಟು ಹತ್ತಿರವಿದೆ ಎಂಬುದರ ಮೇಲೆ ಹಾಲೂಡಿಸುವ ತಾಯಿಗೆ ಅದರ ಉಪಯೋಗ ನಿಂತಿದೆ. ಹೀಗೆಯೇ ಮಾತೃಪೂರ್ಣ. 2017ರ ಅಕ್ಟೋಬರ್ 2ರಿಂದ ಗರ್ಭಿಣಿ–ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಂತು: ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ. ಒಳ್ಳೆಯ ಯೋಜನೆ. ಆದರೆ ಹಸಿ ಬಾಣಂತಿ ಕೂಸನ್ನು ಬಿಟ್ಟು ಹೊಸ್ತಿಲು ದಾಟಿ ಊಟಕ್ಕೆ ಹೋಗುವುದಿಲ್ಲ. ಊಟವೇ ಅವಳ ಮನೆಗೆ ಹೋಗಬೇಕು.

ಡಬ್ಬಿ ಹಾಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1992ರ ಕಾಯ್ದೆ, ಅದಕ್ಕೆ 2003ರ ತಿದ್ದುಪಡಿ, ಈ ಹಾಲಿನ ಜಾಹೀರಾತನ್ನೂ, ಆಸ್ಪತ್ರೆಗಳಲ್ಲಿ ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸಿವೆ. ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ. ಆರೋಗ್ಯ ಕಾರ್ಯಕರ್ತರು ಕಾರಣವಿಲ್ಲದೆ ಡಬ್ಬಿ ಬರೆದುಕೊಟ್ಟರೆ ಯಾಕೆಂದು ಕೇಳುವುದು ನಿಮ್ಮ ಹಕ್ಕು.

ಕಾರಣ ಇರುವ ಸಂದರ್ಭಗಳೂ ಉಂಟು. ಏನೇ ಮಾಡಿದರೂ ಹಾಲು ಸಾಕಾಗದ ತಾಯಂದಿರು ಸ್ವಲ್ಪ ಮಂದಿ ನಿಜವಾಗಿಯೂ ಇದ್ದಾರೆ. ಕಾಯಿಲೆ ಬಿದ್ದವರು, ಬಲವಾದ ಔಷಧಿ ತೆಗೆದುಕೊಳ್ಳುವವರು, ತೀರಿಕೊಂಡ ತಾಯಿಯ ಮಕ್ಕಳನ್ನು ಸಾಕುವವರು ಇದ್ದಾರೆ. ಅವರ ಮನೆಗೆ ಹೋಗಿ ಎದೆಹಾಲಿನ ಮಹಿಮೆ ಹೇಳುವುದು ಕ್ರೌರ್ಯ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಎದೆಹಾಲಿನ ಬ್ಯಾಂಕು ತೆರೆದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಅಂಥದ್ದು ಈಗ ಇದೆ. ಒಬ್ಬ ತಾಯಿಯ ಹೆಚ್ಚಿನ ಹಾಲು ಪರೀಕ್ಷೆಗೊಳಗಾಗಿ, ಹದವಾಗಿ ಕಾದು, ಇನ್ನೊಬ್ಬಳ ತೂಕವಿಲ್ಲದ ಕೂಸಿಗೆ ಹೋಗುತ್ತದೆ. ನಮ್ಮ ಜಿಲ್ಲೆಯ ಎಳೆಯ ಕೂಸುಗಳಿಗೆ ಆ ಹಾಲಿಗಾಗಿ ಬೆಂಗಳೂರಿಗೆ ಹೋಗಬೇಕಾದ ಸ್ಥಿತಿ ಇರಬಾರದು ಎಂಬುದು ನನ್ನ ಆಸೆ.

ಎದೆಹಾಲು ಎಲ್ಲೆಡೆ ಸರಿಯಾಗಿ ನಡೆದರೆ ಜಗತ್ತಿನಲ್ಲಿ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಕ್ಕಳ ಸಾವನ್ನು ತಡೆಯಬಹುದೆಂದು 2016ರ ಲ್ಯಾನ್ಸೆಟ್ ಲೇಖನಮಾಲೆ ಲೆಕ್ಕ ಹಾಕಿತು. ಅಷ್ಟು ದೊಡ್ಡ ಸಂಖ್ಯೆ ನಮ್ಮ ಕೈಗೆ ಎಟುಕುವುದಿಲ್ಲ. ಈ ಪಂಚಾಯತಿಯ ಮಟ್ಟಿಗೆ ನಾನು ಬೇಡುವುದು ಸಣ್ಣದು. ಮಗುವನ್ನು ನೋಡಲು ಹೋದವರು ಹಾಲು ಸಾಕಾಗುತ್ತದಾ ಎಂದು ಕೇಳಬೇಡಿ. ನಿನಗೆ ಊಟವಾಯಿತಾ, ನಿದ್ದೆ ಬಂತಾ ಎಂದು ಕೇಳಿ. ಅಜ್ಜಿಯರ ಸಭೆಯನ್ನು ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಕರೆಯಿರಿ. ಇಲ್ಲಿ ಕುಳಿತಿರುವ ಆಶಾ ಅಕ್ಕಂದಿರೆ, ನಿಮ್ಮೂರಿನ ಗರ್ಭಿಣಿ ತವರಿಗೆ ಹೊರಟಾಗ ಆ ಊರಿನ ಆಶಾಗೆ ಒಂದು ಫೋನ್ ಮಾಡಿ. ಮನೆಗೆ ಹೆರಿಗೆಗೆ ಬಂದ ಮಗಳಿದ್ದರೆ, ತಾಯಂದಿರೆ, ಅವಳ ತಾಯಿ ಕಾರ್ಡನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಬಂದ ವಾರವೇ ಅದನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ತೋರಿಸಿ, ಹೆಸರು ಬರೆಸಿ.